ಎಂಟರ್ ಗುಂಡಿಯ ಮೇಲಿನ ಸ್ಟೇಪ್ಲರ್

ನನ್ನ ತಂಗಿಯ ಗಂಡನಿಗೆ ಹೆಪ್ಪಣ್ಣ ಅಂತ ಹೆಸರಿಟ್ಟವನು ನಾನೇ. ಈಗ ಹಾಗೆ ಕರೆದರೆ ತಲೆ ಎತ್ತುವುದಿಲ್ಲ, ನಾನೂ ಕರೆಯುವುದು ಬಿಟ್ಟಿದ್ದೇನೆ.

ನಾವಿಬ್ಬರೂ ಬ್ರೈಲ್ ಪುಸ್ತಕ ಅಚ್ಚು ಹಾಕುವ ಛಾಪಖಾನೆಯಲ್ಲಿ ಕೆಲಸಕ್ಕಿರುವವರು. ನಾನು ಬೈಂಡಿಂಗ್ ಮೇಜಿನವನು, ಅವನು ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು. ಯಂತ್ರಕ್ಕೆ ಹೊಸ ಕರ್ನಲ್ ಬಂದಾಗಲೆಲ್ಲ ತನ್ನ ಹಳೇ ಸೆಟ್ಟಿಂಗ್ಸ್ ಫೈಲನ್ನೇ ತಂದು ಅದಕ್ಕೆ ಹಾಕುತ್ತಿದ್ದ. ಕರ್ನಲ್ ಅಂದರೆ ಒಳಗೆ ಕೂತು ಕೀಲಿಮಣೆ, ಪರದೆ, ಪ್ರಿಂಟರು ಎಲ್ಲವನ್ನೂ ಮಾತಾಡಿಸುವ ಯಜಮಾನ. ಯಾರನ್ನು ಮಾತಾಡಿಸಬೇಕು, ಯಾರನ್ನು ಬಿಡಬೇಕು ಅಂತ ಅದಕ್ಕೆ ಹೇಳುವುದು ಆ ಫೈಲು. ನಿನ್ನೆಯ ಮೊಸರು ಚೆನ್ನಾಗಿದ್ದರೆ ಇವತ್ತಿನ ಹಾಲಿಗೂ ಅದೇ ಹೆಪ್ಪು ಅನ್ನುತ್ತಿದ್ದ. ಮಾತಿನಲ್ಲಿ ತಪ್ಪೇನಿಲ್ಲ, ಎಲ್ಲರೂ ಮಾಡುವುದು ಹಾಗೇ ಅಂತೆ.

ಆದರೆ ಹೊಸ ಕರ್ನಲ್ಲು, ಹಳೇ ಫೈಲಿನಲ್ಲಿ ಉತ್ತರ ಸಿಗದ ಸಂಗತಿಗಳನ್ನು ಒಂದೊಂದಾಗಿ ಕೇಳುತ್ತದೆ: ಇದು ಬೇಕಾ, ಅದು ಬೇಕಾ? ಏನೂ ಹೇಳದೆ ಎಂಟರ್ ಒತ್ತಿದರೆ ತನಗೆ ತೋಚಿದ ಉತ್ತರವನ್ನೇ ಬರೆದುಕೊಳ್ಳುತ್ತದೆ, ಹೆಚ್ಚಿನ ಸಲ 'ಬೇಡ' ಅಂತ. ನಮ್ಮ ಹೆಪ್ಪಣ್ಣನಿಗೆ ಅಷ್ಟು ಒತ್ತುವ ವ್ಯವಧಾನವೂ ಇಲ್ಲ. ಎಂಟರ್ ಗುಂಡಿಯ ಮೇಲೆ ನನ್ನ ಮೇಜಿನ ದೊಡ್ಡ ಸ್ಟೇಪ್ಲರ್ ಇಟ್ಟು ಟೀ ಕುಡಿಯಲು ಹೋಗುತ್ತಿದ್ದ. ಇದನ್ನು ಕೇಳಿ ತಂಗಿ, ಮದುವೆಯಾದಾಗಿನಿಂದ ತಾನು ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿರುವುದೂ ಆ ಸ್ಟೇಪ್ಲರೇ ಇರಬೇಕು ಅಂದಿದ್ದಳು.

ಕಿಟಕಿಯ ಪಕ್ಕ, ಪ್ರೂಫ್ ತಿದ್ದುವ ಪ್ರೂಫಮ್ಮನ ಕುರ್ಚಿ. ಅವರಿಗೆ ಹುಟ್ಟಿನಿಂದ ಕಣ್ಣು ಕಾಣದು. ಅವರ ಕೀಲಿಮಣೆಯ ಕೆಳಗೊಂದು ಪಟ್ಟಿ ಇದೆ. ಪರದೆಗೆ ಬಂದ ಸಾಲು ಆ ಪಟ್ಟಿಯಲ್ಲಿ ಚುಕ್ಕಿಗಳಾಗಿ ಮೇಲೇಳುತ್ತದೆ, ಅವರು ಬೆರಳಾಡಿಸಿ ಓದುತ್ತಾರೆ. ನಾವು ಬಿಟ್ಟ ತಪ್ಪನ್ನೆಲ್ಲ ಹಿಡಿದು, ನಮ್ಮನ್ನು ಚೆನ್ನಾಗಿ ಬೈದು, ಮುಂದಿನ ಹಾಳೆಗೆ ಹೋಗುತ್ತಿದ್ದರು.

ಹೊಸ ಕರ್ನಲ್ ಹಾಕಿದ ಮರುದಿನ ಅವರ ಪಟ್ಟಿ ಏಳಲಿಲ್ಲ. ಹೆಪ್ಪಣ್ಣ ಬಂದು ವೈರು ಅಲುಗಾಡಿಸಿದ, ಬಿಚ್ಚಿ ಮತ್ತೆ ಸಿಕ್ಕಿಸಿದ. ಹಿಂದೆ ಮ್ಯಾನೇಜರ್ ಕೈಕಟ್ಟಿ ನಿಂತಿದ್ದರು. ಅವರೆದುರು 'ಗೊತ್ತಾಗುತ್ತಿಲ್ಲ' ಅನ್ನಲು ಇವನಿಗೆ ನಾಲಿಗೆ ಹೊರಳಬೇಕಲ್ಲ! ಪಟ್ಟಿಗೆ ವಯಸ್ಸಾಯಿತು ಸಾರ್, ಚುಕ್ಕಿಗಳು ಸವೆದಿವೆ ಅಂದುಬಿಟ್ಟ. ಪಾಪ, ಪ್ರೂಫಮ್ಮ ತಾವೇ ಗಟ್ಟಿಯಾಗಿ ಒತ್ತಿರಬೇಕು ಅಂತ ಕ್ಷಮೆ ಕೇಳಿದರು.

ಹೊಸ ಪಟ್ಟಿ ಬರುವ ತನಕ ಅವರನ್ನು ಪಾರ್ಸೆಲ್ ಕೋಣೆಗೆ ಹಾಕಿದರು, ಪುಸ್ತಕದ ಕಟ್ಟುಗಳಿಗೆ ಹುರಿ ಬಿಗಿಯಲು. ಪ್ರೂಫು ಹೊರಗಿನವರಿಗೆ ಹೋಯಿತು. ಇದೇ ಸಲೀಸಾಗಿದ್ದರೆ ಕಿಟಕಿ ಪಕ್ಕದ ಕುರ್ಚಿ ಇನ್ನು ಯಾಕೆ ಅಂತ ಮ್ಯಾನೇಜರ್ ಅಂದದ್ದು ಎಲ್ಲರ ಕಿವಿಗೂ ಬಿತ್ತು, ಪ್ರೂಫಮ್ಮನ ಕಿವಿಗೂ.

ಹೆಪ್ಪಣ್ಣನಿಗೆ ನಿಜ ತಿಳಿಯಲು ತಡವಾಗಲಿಲ್ಲ. ಮೊದಲು ಬೇರೆಯದರ ಜೊತೆ ತಾನಾಗೇ ಬರುತ್ತಿದ್ದ ಪಟ್ಟಿಯ ಬಾಬತ್ತನ್ನು ಹೊಸ ಕರ್ನಲ್ಲಿನಲ್ಲಿ ಪ್ರತ್ಯೇಕ ಪ್ರಶ್ನೆಯಾಗಿ ಮಾಡಿದ್ದರು. ಬೇಕಾ ಅಂತ ಅದು ಕೇಳಿತ್ತು, ಸ್ಟೇಪ್ಲರ್ ಬೇಡ ಅಂದಿತ್ತು. ಆಮೇಲೆ ಯಾರಾದರೂ ಸ್ಟೇಪ್ಲರ್ ಕೊಡಿ ಅಂದರೂ ಸಾಕು, ಹೆಗಲು ಮುಟ್ಟಿ ನೋಡಿಕೊಂಡ ಕುಂಬಳಕಾಯಿ ಕಳ್ಳನ ಹಾಗೆ ಬೆಚ್ಚುತ್ತಿದ್ದ. ಯಾಕೆಂದು ಆಗ ನನಗೆ ತಿಳಿಯಲಿಲ್ಲ. ತಂಗಿಯ ಹತ್ತಿರ ಮಾತ್ರ ಊಟಕ್ಕೆ ಕೂತಾಗ ಬಾಯಿಬಿಟ್ಟನಂತೆ. ನಾಳೆಯೇ ಹೋಗಿ ಹೇಳಿ ಅಂದಳಂತೆ ಅವಳು.

"ಮರ್ಯಾದೆ ಹೋಗುತ್ತೆ ಕಣೇ."

"ಹೋಗೋಕೆ ಮೊದ್ಲು ಅದು ಇರ್ಬೇಕಲ್ರೀ."

ಆದರೂ ಹೇಳಲಿಲ್ಲ ಮಹರಾಯ. ವಾರಗಟ್ಟಲೆ ಹಿಂದೇಟು ಹಾಕಿ, ಕೊನೆಗೆ ಗುಟ್ಟಾಗಿ ಸರಿಮಾಡಿ, ವೈರು ಸಡಿಲವಾಗಿತ್ತು ಅಂತ ಮ್ಯಾನೇಜರಿಗೆ ವರದಿ ಒಪ್ಪಿಸಿದ.

ಪ್ರೂಫಮ್ಮನನ್ನು ಕರೆಸಿದರು. ಅವರು ಹೊಸ ಸೀರೆ ಉಟ್ಟು ಬಂದಿದ್ದರು. ಕುರ್ಚಿಯ ಧೂಳು ತಾವೇ ಒರೆಸಿ ಕೂತು ಪಟ್ಟಿಯ ಮೇಲೆ ಬೆರಳಾಡಿಸಿದರು. ನಿಲ್ಲಿಸಿದರು. ಮತ್ತೆ ಮೊದಲಿನಿಂದ ಆಡಿಸಿದರು. ನಾವೆಲ್ಲ ಕೆಲಸ ಬಿಟ್ಟು ನೋಡುತ್ತಿದ್ದೆವು. ಹುರಿ ಬಿಗಿದು ಬಿಗಿದು ಆ ಬೆರಳ ತುದಿಗಳು ದಡ್ಡುಗಟ್ಟಿ ಒಡೆದಿದ್ದವು.

"ಚುಕ್ಕಿ ಏಳ್ತಿದೆ ಕಣಪ್ಪ, ನನಗೇ ತಿಳೀತಿಲ್ಲ," ಅಂದರು ಹೆಪ್ಪಣ್ಣನಿಗೆ. "ಸವೆದಿರೋದು ಪಟ್ಟಿಯಲ್ಲ, ನಾನು. ಕುರ್ಚಿ ಬಿಟ್ಕೊಡ್ತೀನಿ ಅಂತ ಮ್ಯಾನೇಜರಿಗೆ ಹೇಳಿಬಿಡು."

ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತಂತೆ ಹೆಪ್ಪಣ್ಣನಿಗೆ. ಮ್ಯಾನೇಜರನ್ನೂ ಅಲ್ಲಿಗೇ ಕರೆದು ಎಲ್ಲರೆದುರು ಎಲ್ಲವನ್ನೂ ಹೇಳಿದ: ಸ್ಟೇಪ್ಲರು, ಟೀ, ಚುಕ್ಕಿ ಸವೆದಿದೆ ಅಂದ ಸುಳ್ಳು, ವೈರಿನ ಸುಳ್ಳು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರೆ; ಇವನದು ಸ್ಟೇಪ್ಲರಿಗೆ ಹೋಯಿತು. ಹೇಳಿ ಮುಗಿಸಿ ಪ್ರೂಫಮ್ಮನ ಮುಂದೆ ತಲೆ ತಗ್ಗಿಸಿ ನಿಂತ. ಅವರಿಗೆ ಅದು ಕಾಣುವುದಿಲ್ಲ ಅನ್ನುವುದೂ ಹೊಳೆಯಲಿಲ್ಲ ಅವನಿಗೆ. ನನಗೇ ನೋಡಲಾಗದೆ ಮುಖ ತಿರುಗಿಸಿದೆ.

ಮ್ಯಾನೇಜರ್, ಬೆರಳು ಮಾಗಲಿ, ಎಷ್ಟು ದಿನ ಬೇಕಾದರೂ ಆಗಲಿ, ಕುರ್ಚಿ ಅವರದೇ ಅಂದು ಒಳಗೆ ಹೋದರು.

ಪ್ರೂಫಮ್ಮ ಬೈಯುತ್ತಾರೆ ಅಂತ ಕಾದೆವು. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

"ಆ ಕಂಪ್ಯೂಟರು ಪ್ರಶ್ನೆ ಕೇಳ್ತು ಅಂದ್ಯಲ್ಲ, ಏನಂತ ಕೇಳ್ತು?" ಅಂದರು.

"ಗೊತ್ತಿಲ್ಲಮ್ಮ. ನಾನು ಓದಲಿಲ್ಲ."

"ಕಣ್ಣಿಗೆ ಕಾಣೋ ಹಾಗೆ ಪರದೆ ಮೇಲೆ ಬಂದಿತ್ತಾ?"

"ಬಂದಿತ್ತು."

ಅವರು ಒಡೆದ ಬೆರಳಿಗೆ ಒಮ್ಮೆ ಬಾಯಿಂದ ಉಫ್ ಎಂದು ಊದಿಕೊಂಡು, ಅದೇ ಸಾಲನ್ನು ಮೊದಲ ಅಕ್ಷರದಿಂದ ಮತ್ತೆ ಓದತೊಡಗಿದರು.