ಎಡಗೈಯ ಗಂಟು

ಶಾಲೆಯ ಮಕ್ಕಳು ಅವರನ್ನು ಸುತ್ತಿಗೆ ಟೀಚರ್ ಎನ್ನುತ್ತಿದ್ದರು. ಎದುರಿಗೆ ಬರೀ ಟೀಚರ್, ಬೆನ್ನು ತಿರುಗಿದರೆ ಸುತ್ತಿಗೆ. ಅದು ಅವರ ಕಿವಿಗೂ ಬಿದ್ದಿತ್ತು, ಬೇಜಾರೇನೂ ಆಗಿರಲಿಲ್ಲ. ನಾಟಕದ ಕಂಪನಿಯೊಂದರ ಬಡಗಿಯ ಮಗಳು ಅವರು. ಪರದೆಯ ಹಿಂದೆಯೇ ಹಲ್ಲು ಬಂದು, ಹಿಂದೆಯೇ ಓದು ಬರಹ ಕಲಿತು ದೊಡ್ಡವರಾದವರು. ಬಣ್ಣ ಬಳಿದುಕೊಂಡು ಮುಂದೆ ಬಂದು ನಿಲ್ಲುವ ಆಸೆ ಒಂದು ದಿನವೂ ಹುಟ್ಟಿರಲಿಲ್ಲ. ಹೈಸ್ಕೂಲಿನಲ್ಲಿ ಅವರ ಕೆಲಸವೂ ಅಂಥದ್ದೇ. ಒಂಬತ್ತನೇ ತರಗತಿಗೆ ಬಂದ ಮಕ್ಕಳಿಗೆ ನಾಟಕದ ಹಿಂದಿನ ಕೆಲಸವನ್ನು ಮೊದಲಿನಿಂದ ಕಲಿಸುವುದು: ಮರದ ಚೌಕಟ್ಟು ಕಟ್ಟಿ ಬಟ್ಟೆ ಬಿಗಿಯುವುದು, ಏಣಿ ಹಿಡಿಯುವುದು, ಲೈಟು ತೂಗುಹಾಕುವುದು, ಕತ್ತಲಲ್ಲಿ ಸದ್ದಿಲ್ಲದೆ ಮೇಜು ಕುರ್ಚಿ ಬದಲಿಸುವುದು.

ಮೊದಲ ದಿನದ ಪಾಠ ಎಡ ಬಲದ್ದು. ಸ್ಟೇಜಿನ ಮೇಲೆ ಎಡ ಅಂದರೆ ನೋಡುವವರ ಎಡವಲ್ಲ, ನಟನ ಎಡ. ಹತ್ತು ಸಲ ಹೇಳಿದರೂ ಯಾರೋ ಒಬ್ಬ ಕುರ್ಚಿ ಹೊತ್ತುಕೊಂಡು ಆ ಕಡೆಯ ಬದಲು ಈ ಕಡೆ ಹೋಗುತ್ತಿದ್ದ. "ಎಡ ಯಾವುದು ಅಂತ ಗೊತ್ತಿಲ್ಲದವರಿಂದ ಎಡವಟ್ಟೇ ಆಗೋದು!" ಎಂದು ಟೀಚರ್ ಗದರಿದರೆ ಇಡೀ ತರಗತಿ ನಗುತ್ತಿತ್ತು. ಆ ಜೋಕು ಪ್ರತಿ ವರ್ಷವೂ ಹೊಸ ಮಕ್ಕಳ ಎದುರು ಹೊಸದಾಗಿಯೇ ಇರುತ್ತಿತ್ತು.

ಅವರಿಗೆ ಒಬ್ಬಳೇ ಮಗಳು. ಗಂಡ ಸಿಟಿ ಬಸ್ಸಿನ ಡ್ರೈವರ್, ಮಾತು ಕಡಿಮೆ. ಇಬ್ಬರ ಪಾಲಿನ ಮಾತನ್ನೂ ಮಗಳೇ ಆಡುತ್ತಿದ್ದಳು. ಮನೆಯಲ್ಲಿ ಅವಳ ಹೆಸರು ಚಿನಕುರಳಿ. ಅವಳೂ ಅದೇ ಶಾಲೆಯವಳು. ಸಂಜೆ ಗಂಟೆ ಬಾರಿಸಿದ ಮೇಲೆ ಸಭಾಂಗಣದ ಹಿಂದಿನ ಸಾಲಿನಲ್ಲಿ ಕೂತು ಹೋಂವರ್ಕ್ ಮಾಡುತ್ತಾ ಅಮ್ಮನಿಗಾಗಿ ಕಾಯುತ್ತಿದ್ದಳು. ಸ್ಟೇಜು ಹತ್ತಲು ಅವಳಿಗೆ ಅಪ್ಪಣೆ ಇರಲಿಲ್ಲ.

"ಅಮ್ಮಾ, ಒಂದೇ ಒಂದು ಸಲ ಡ್ರಿಲ್ಲು ಹಿಡೀತೀನಿ."

"ಒಂಬತ್ತಕ್ಕೆ ಬಾ. ಆಮೇಲೆ ಹಿಡಿಯುವಿಯಂತೆ."

ಇದು ಹಠವೇನಲ್ಲ. ಸ್ಟಾಫ್ ರೂಮಿನಲ್ಲಿ ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎಂಬ ಮಾತು ಬರಬಾರದು ಎನ್ನುವುದು ಅವರ ಲೆಕ್ಕಾಚಾರ. ಚಿನಕುರಳಿ ಮುಖ ಊದಿಸಿಕೊಂಡು ಹಿಂದಿನ ಸಾಲಿಗೆ ಮರಳುತ್ತಿದ್ದಳು. ಅಲ್ಲಿ ಜೊತೆಗೆ ಅವಳ ಗೆಳತಿ ಇರುತ್ತಿದ್ದಳು. ಕಾಲುಗಳೇ ಮುಕ್ಕಾಲು ಪಾಲಿದ್ದ ಆ ಹುಡುಗಿಗೆ ಕೊಕ್ಕರೆ ಎಂದು ಹೆಸರಿಟ್ಟವಳೂ ಚಿನಕುರಳಿಯೇ.

ಎಂಟನೇ ತರಗತಿ ಮುಗಿದ ರಜೆಯಲ್ಲಿ ಚಿನಕುರಳಿಗೆ ಜ್ವರ ಬಂತು. ಬಿಟ್ಟು ಬಿಟ್ಟು ಬರುತ್ತಿದ್ದ ಜ್ವರ, ಮಾಮೂಲಿ ಎಂದುಕೊಂಡರು. ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಅದು ಮಿದುಳಿಗೆ ಏರಿತ್ತು. ಒಂದು ಮಧ್ಯಾಹ್ನ ಅಪ್ಪನನ್ನು ಗುರುತು ಹಿಡಿಯಲಿಲ್ಲ. ಮರುದಿನ ಅಮ್ಮನನ್ನೂ ಹಿಡಿಯಲಿಲ್ಲ. ಆ ವಾರ ಮುಗಿಯುವ ಮೊದಲೇ ಅವಳು ಇಲ್ಲವಾದಳು.

ಶಾಲೆ ಶುರುವಾದ ದಿನ ಟೀಚರ್ ಬಂದಿದ್ದನ್ನು ಕಂಡು ಹೆಡ್‌ಮಿಸ್ ಕುರ್ಚಿಯಿಂದ ಎದ್ದರು. "ಸ್ವಲ್ಪ ದಿನ ರಜ ತಗೊಳ್ಳಿ. ಯಾರೂ ಏನೂ ಅನ್ನಲ್ಲ."

"ಮನೇಲಿ ಕೂತು ಏನ್ ಮಾಡ್ಲಿ ಮೇಡಂ? ಗೋಡೆ ಹೇಳೋ ಮಾತನ್ನೆಲ್ಲ ಕೇಳಿದ್ದಾಯ್ತು."

ಆದರೆ ಆ ವರ್ಷ ಒಂಬತ್ತಕ್ಕೆ ಬಂದವರು ಮಗಳ ಓರಗೆಯವರು. ಬಾಗಿಲಲ್ಲಿ ಒಬ್ಬೊಬ್ಬರಾಗಿ ಒಳಗೆ ಬರುವುದನ್ನು ನೋಡುತ್ತಾ ನಿಂತರು ಟೀಚರ್. ಬರಬೇಕಾದವರೆಲ್ಲ ಬಂದಾದ ಮೇಲೂ ಕಣ್ಣು ಬಾಗಿಲನ್ನು ಬಿಡಲಿಲ್ಲ. ಎಡ ಬಲದ ಪಾಠ ಮಾಡಿದರು, ಜೋಕು ಹೇಳಲಿಲ್ಲ. ಮಕ್ಕಳು ಉಸಿರು ಬಿಗಿಹಿಡಿದು ಹೇಳಿದ್ದನ್ನೆಲ್ಲ ಮಾಡಿದರು. ಆ ವರ್ಷ ಯಾರೂ ತಪ್ಪು ಕಡೆಗೆ ಹೋಗಲಿಲ್ಲ.

ಕೊಕ್ಕರೆಯನ್ನು ಕಂಡರೆ ಮಾತ್ರ ಟೀಚರ್‌ಗೆ ಒಳಗೆ ಏನೋ ಉರಿಯುತ್ತಿತ್ತು. ಯಾಕೆಂದು ತಮಗೇ ತಿಳಿಯದು. ಹುಡುಗಿ ರಜೆಯಲ್ಲಿ ಇನ್ನೂ ಉದ್ದವಾಗಿದ್ದಳು. ಯೂನಿಫಾರ್ಮಿನ ತೋಳು ಮಣಿಕಟ್ಟಿನಿಂದ ಮೇಲೆ ಸರಿದಿತ್ತು. ಕೂತರೆ ತಪ್ಪು, ನಿಂತರೆ ತಪ್ಪು ಎನ್ನುವಂತಾಯಿತು. "ಏಣಿ ಹಿಡಿಯೋದಂದ್ರೆ ಅದಕ್ಕೆ ಒರಗಿಕೊಳ್ಳೋದಲ್ಲ!" "ಬ್ರಷ್ಷಲ್ಲಿ ಅಷ್ಟು ಬಣ್ಣ ಯಾಕೆ, ಸ್ನಾನ ಮಾಡಿಸ್ತೀಯಾ ಗೋಡೆಗೆ?" ಉಳಿದ ಮಕ್ಕಳು ತಲೆ ತಗ್ಗಿಸುತ್ತಿದ್ದರು. ಕೊಕ್ಕರೆ ಸುಮ್ಮನೆ "ಸಾರಿ ಟೀಚರ್" ಎನ್ನುತ್ತಿದ್ದಳು.

ಹಗ್ಗದ ಪಾಠದ ದಿನ ಅದು ಮಿತಿಮೀರಿತು. ಬಣ್ಣದ ಪರದೆಯನ್ನು ಮೇಲಿನ ಕಬ್ಬಿಣದ ಪೈಪಿಗೆ ಕಟ್ಟುವ ಗಂಟು ಒಂದಿದೆ. ಎರಡು ಸುತ್ತು ಸುತ್ತಿ, ತುದಿಯನ್ನು ಅದರದೇ ಅಡಿಗೆ ತೂರಿಸಿ ಎಳೆಯುವುದು. ಎಲ್ಲರೂ ಒಂದೇ ದಿಕ್ಕಿಗೆ ಕಟ್ಟಬೇಕು, ಕತ್ತಲಲ್ಲಿ ಬಿಚ್ಚುವವರ ಕೈಗೆ ತುದಿ ಸಿಗಬೇಕಲ್ಲ. ಕೊಕ್ಕರೆಯ ಗಂಟು ಉಲ್ಟಾ ಆಗಿತ್ತು. ಟೀಚರ್ ಬಿಚ್ಚಿದರು. "ಮತ್ತೆ ಕಟ್ಟು." ಮತ್ತೆ ಉಲ್ಟಾ. ಕೈಹಿಡಿದು ತೋರಿಸಿದರು. ಬಿಟ್ಟ ಕೂಡಲೇ ಮತ್ತದೇ.

ಟೀಚರ್ ಹಗ್ಗವನ್ನು ಕಿತ್ತು ನೆಲಕ್ಕೆ ಎಸೆದರು. "ಯಾರೇ ಹೇಳಿಕೊಟ್ಟಿದ್ದು ನಿಂಗೆ ಈ ಘನಂದಾರಿ ವಿದ್ಯೆ?"

ಹುಡುಗಿ ನೆಲದ ಮೇಲಿನ ಹಗ್ಗ ನೋಡುತ್ತಾ ಹೇಳಿದಳು: "ಅವಳೇ, ಟೀಚರ್."

ಯಾರು ಎಂದು ಯಾರೂ ಕೇಳಲಿಲ್ಲ.

"ಹಿಂದಿನ ಸಾಲಲ್ಲಿ ಕೂತು ನೀವು ಮಾಡೋದನ್ನ ನೋಡ್ತಿದ್ಲು. ಆಮೇಲೆ ನಿಮ್ಮನೆ ಕಿಟಕಿ ಸರಳಿಗೆ ಕಟ್ಟಿ ಕಲಿತ್ಲು. ನಂಗೂ ಕಲಿಸಿದ್ಲು. ಅವಳು ಎಡಚಿ ಅಲ್ವಾ ಟೀಚರ್... ನಂಗೆ ಹಾಗೇ ಕೈಗೆ ಕೂತುಬಿಟ್ಟಿದೆ."

ಟೀಚರ್ ಬಗ್ಗಿ ಹಗ್ಗ ಎತ್ತಿಕೊಂಡರು. ಅದನ್ನು ಸುರುಳಿ ಸುತ್ತಿದರು, ಮೊಳೆಗೆ ತೂಗುಹಾಕಿದರು. "ಇವತ್ತಿಗೆ ಸಾಕು," ಎಂದರು. ಮಕ್ಕಳು ಚೀಲ ಎತ್ತಿಕೊಂಡು ಬೆಕ್ಕಿನ ಹೆಜ್ಜೆಯಲ್ಲಿ ಹೊರಟುಹೋದರು.

ಮನೆಗೆ ಬಂದವರು ನೇರ ಅಡುಗೆಮನೆಯ ಕಿಟಕಿಯ ಹತ್ತಿರ ಹೋದರು. ಸರಳಿನ ಬಣ್ಣ ಒಂದು ಕಡೆ ಸವೆದು ಕಬ್ಬಿಣ ಕಾಣುತ್ತಿತ್ತು. ದಿನಾ ಅಲ್ಲೇ ನಿಂತು ಪಾತ್ರೆ ತೊಳೆದವರಿಗೆ ಅದು ಕಂಡಿರಲಿಲ್ಲ. ಗಂಡ ಬಸ್ಸಿನ ಡ್ಯೂಟಿ ಮುಗಿಸಿ ಬಂದಾಗ ಅವರು ಇನ್ನೂ ಅಲ್ಲೇ ನಿಂತಿದ್ದರು.

"ನಿಮಗೆ ಗೊತ್ತಿತ್ತಾ?"

ಅವನು ಕಿಟಕಿ ನೋಡಿದ, ಹೆಂಡತಿಯ ಮುಖ ನೋಡಿದ. "ಗೊತ್ತಿತ್ತು. ಅಮ್ಮನಿಗೆ ಹೇಳ್ಬೇಡಪ್ಪ ಅಂದಿದ್ಲು. ಒಂಬತ್ತಕ್ಕೆ ಹೋದ ಮೊದಲನೇ ದಿನ ಎಲ್ಲರ ಮುಂದೆ ಮಾಡಿ ತೋರಿಸ್ಬೇಕು, ನೀನು ಬೆರಗಾಗ್ಬೇಕು ಅಂತ."

"ಇಷ್ಟು ದಿನ ಆದ ಮೇಲಾದ್ರೂ ಹೇಳ್ಬಾರ್ದಾ?"

"ಹೇಗೆ ಹೇಳ್ಲಿ? ಮಾತು ಕೊಟ್ಟಿದ್ದೆ ಕಣೆ."

"ಎಲ್ಲರಿಗೂ ಗೊತ್ತು. ನಂಗೊಬ್ಬಳಿಗೆ ಗೊತ್ತಿಲ್ಲ. ನಾನು ಅವಳನ್ನ ಆ ಕೊನೇ ಸಾಲಲ್ಲಿ ಕೂರಿಸಿದ್ದೇ ಬಂತು." ಅಲ್ಲಿಂದ ಮುಂದೆ ಮಾತಿಗೆ ಮಾತು ಬೆಳೆಯಿತು. ಮೊದಲ ದಿನವೇ ಆಸ್ಪತ್ರೆಗೆ ಯಾಕೆ ಹೋಗಲಿಲ್ಲ, ಯಾರು ಬೇಡವೆಂದರು, ಡ್ಯೂಟಿ ದೊಡ್ಡದಾಯಿತಾ, ರಜೆಯಲ್ಲೂ ಮುಗಿಯದ ಶಾಲೆಯ ಕೆಲಸ ದೊಡ್ಡದಾಯಿತಾ. ಆವರೆಗೆ ಇಬ್ಬರೂ ನುಂಗಿಕೊಂಡಿದ್ದೆಲ್ಲ ಹೊರಬಂತು. ಕೊನೆಗೆ ಗಂಡ ನೆಲದ ಮೇಲೆ ಕುಸಿದು ಕೂತು ಮಗುವಿನ ಹಾಗೆ ಅತ್ತ. ಮದುವೆಯಾದ ಮೇಲೆ ಅವನು ಅತ್ತಿದ್ದನ್ನು ಅವರು ಕಂಡಿರಲಿಲ್ಲ. ಮಗಳು ಹೋದ ದಿನವೂ ಅವನು ಕಲ್ಲಾಗಿದ್ದ.

ಮರುದಿನ ಕೊಕ್ಕರೆ ತರಗತಿಗೆ ಬರಲಿಲ್ಲ. ಆ ವಾರ ಪೂರ್ತಿ ಬರಲಿಲ್ಲ. ಟೀಚರ್ ವಿಳಾಸ ಕೇಳಿಕೊಂಡು ಹೋದರು. ಇಕ್ಕಟ್ಟಾದ ಬೀದಿಯಲ್ಲಿ ಬಟ್ಟೆ ಇಸ್ತ್ರಿ ಮಾಡುವ ಅಂಗಡಿ, ಅದರ ಹಿಂದೆಯೇ ಮನೆ. ಹುಡುಗಿಯ ತಾಯಿ ಇಸ್ತ್ರಿ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟಳು, ಒಳಗೆ ಬನ್ನಿ ಎನ್ನಲಿಲ್ಲ.

"ಟೀಚರ್, ನಿಮ್ಮ ಹೊಟ್ಟೆಯ ಸಂಕಟ ನಂಗೂ ಅರ್ಥ ಆಗುತ್ತೆ. ನಾನೂ ಹೆತ್ತವಳೇ. ಆದ್ರೆ ನನ್ನ ಮಗಳು ಬದುಕಿರೋದು ಅವಳ ತಪ್ಪಲ್ಲ."

ಆ ಮಾತು ನೇರ ಹೋಗಿ ನಾಟಿತು. ಒಳಗೆ ಉರಿಯುತ್ತಿದ್ದದ್ದು ಏನೆಂದು ಟೀಚರ್‌ಗೆ ಈಗ ತಿಳಿಯಿತು, ಅದೂ ಬೇರೆಯವರ ಬಾಯಿಂದ. ಅಂಗಡಿಯ ಹೊಸ್ತಿಲಲ್ಲಿ ನಿಂತುಕೊಂಡೇ "ತಪ್ಪಾಯ್ತಮ್ಮ," ಎಂದರು. "ನಾನು ಮಾಡಿದ್ದು ತಪ್ಪು."

ತಾಯಿ ಸ್ಟೂಲು ಎಳೆದು ಕೊಟ್ಟಳು, ಒಳಕ್ಕೆ ಕೂಗಿದಳು. ಕೊಕ್ಕರೆ ಬಂದು ಅಮ್ಮನ ಹಿಂದೆ ನಿಂತಳು.

"ಅವಳು ನಿಂಗೆ ಹೇಗೆ ಕಲಿಸಿದ್ಲು? ನಂಗೂ ತೋರಿಸ್ತೀಯಾ?" ಎಂದರು ಟೀಚರ್.

ಬಟ್ಟೆ ಒಣಹಾಕುವ ಹಗ್ಗದ ತುಂಡೊಂದು ಸಿಕ್ಕಿತು. ಹುಡುಗಿ ಅದನ್ನು ಮೇಜಿನ ಕಾಲಿಗೆ ಸುತ್ತುತ್ತಾ ಮೆಲ್ಲನೆ ಹೇಳಿದಳು: "ಹಾವು ಮರ ಸುತ್ತುತ್ತೆ. ತನ್ನ ಬೆನ್ನು ತಾನೇ ದಾಟುತ್ತೆ. ಚಳಿ ಆಗಿ ತನ್ನ ಹೊಟ್ಟೆ ಅಡಿಗೇ ತಲೆ ತೂರಿಸುತ್ತೆ. ಹೀಗೆ ಹೇಳ್ಕೊಡ್ತಿದ್ಲು. ಆಮೇಲೆ..." ಎಂದು ನಿಲ್ಲಿಸಿದಳು.

"ಆಮೇಲೆ?"

"ಆಮೇಲೆ ಸೊಂಟದ ಮೇಲೆ ಕೈ ಇಟ್ಟು ನಿಮ್ಮ ಥರಾನೇ ಗದರೋಳು. 'ಎಳಿ ಎಳಿ, ನಿಮ್ಮಜ್ಜನ ಭಾರ ಎಲ್ಲ ಹಾಕಿ ಎಳಿ!' ಅಂತ."

ಟೀಚರ್ ನಕ್ಕರು. ಮಗಳು ಹೋದ ಮೇಲೆ ಅದೇ ಮೊದಲ ನಗು. ನಗು ಅರ್ಧಕ್ಕೇ ಅಳುವಾಗಿ, ಸೆರಗು ಬಾಯಿಗೆ ಒತ್ತಿಕೊಂಡು ಕೂತರು. ಇಸ್ತ್ರಿಯವಳು ಬಾಗಿಲ ಪರದೆ ಎಳೆದು ಅವರ ಪಕ್ಕ ಬಂದು ನಿಂತಳು. ಬಟ್ಟೆ ಕೇಳಲು ಬಂದ ಗಿರಾಕಿಗೆ, "ನಾಳೆ ಬನ್ನಿ," ಎಂದು ಒಳಗಿನಿಂದಲೇ ಹೇಳಿ ಕಳಿಸಿದಳು.

ಕೊಕ್ಕರೆ ತರಗತಿಗೆ ಮರಳಿದಳು. ಕಲಿಯುವುದರಲ್ಲಿ ಅವಳು ಅಷ್ಟಕ್ಕಷ್ಟೇ. ವರ್ಷದ ಕೊನೆಯ ನಾಟಕದಲ್ಲಿ ಮುಂದಿನ ಪರದೆ ಎಳೆಯುವ ಕೆಲಸ ಅವಳದು. ಅದು ಸ್ವಲ್ಪ ಮೇಲೇರಿ ಸಿಕ್ಕಿಕೊಂಡಿತು. ರಾಜನ ವೇಷದ ಹುಡುಗ ಮೊಣಕಾಲಿನವರೆಗೆ ಮಾತ್ರ ಕಾಣುತ್ತಾ ನಿಂತ, ಸಭೆಯೆಲ್ಲ ಗೊಳ್ಳೆಂದಿತು. ಟೀಚರ್ ಹೋಗಿ ಅವಳ ಜೊತೆ ಹಗ್ಗಕ್ಕೆ ಕೈ ಹಾಕಿ ಎಳೆದರು. ಗದರಲಿಲ್ಲ.

ಆ ವರ್ಷ ಹುಡುಗಿ ಭಾನುವಾರಗಳಂದು ಮನೆಗೆ ಬರುತ್ತಿದ್ದಳು. ಚಿನಕುರಳಿಯ ಕಥೆ ಒಂದೊಂದಾಗಿ ಹೇಳುತ್ತಿದ್ದಳು. ಗಂಡ ಹೆಂಡತಿ ಇಬ್ಬರೂ ಬಾಯಿ ತೆರೆದು ಕೇಳುತ್ತಿದ್ದರು. ಹೇಳಿದ ಕಥೆಯನ್ನೇ ಮತ್ತೆ ಹೇಳಿದರೂ ಬೇಡ ಎನ್ನುತ್ತಿರಲಿಲ್ಲ. ಆದರೆ ಕಥೆಗಳಿಗೂ ಒಂದು ಕೊನೆ ಇತ್ತು. ಹತ್ತನೇ ತರಗತಿಯಲ್ಲಿ ಓದು ಹೆಚ್ಚಾಯಿತು, ಬರುವುದು ಕಡಿಮೆಯಾಯಿತು. ಕಾಲೇಜು ಸೇರಿದ ಮೇಲೆ ಹೊಸ ಗೆಳತಿಯರಾದರು. ರಸ್ತೆಯಲ್ಲಿ ಸಿಕ್ಕರೆ ನಿಂತು ಮಾತಾಡಿಸುತ್ತಿದ್ದಳು, ಅಷ್ಟೇ. ಅದರಲ್ಲಿ ಅವಳ ತಪ್ಪೇನಿದೆ? ಟೀಚರ್ ತಮಗೆ ತಾವೇ ಹಾಗೆ ಹೇಳಿಕೊಳ್ಳುತ್ತಿದ್ದರು. ಪ್ರತಿ ಸಲ ಅವಳು ಇನ್ನಷ್ಟು ದೊಡ್ಡವಳಾಗಿರುತ್ತಿದ್ದಳು. ಆಗ ಟೀಚರ್ ಮನಸ್ಸಿನಲ್ಲೇ ಇನ್ನೊಬ್ಬಳನ್ನು ತಂದು ಅವಳ ಪಕ್ಕ ನಿಲ್ಲಿಸಿ, ಇಷ್ಟೆತ್ತರ ಇರುತ್ತಿದ್ದಳೇನೋ ಎಂದು ಅಳೆಯುತ್ತಿದ್ದರು.

ಮೊನ್ನೆ ಒಂದು ಸಂಜೆ ಅವರು ತರಕಾರಿ ಚೀಲ ಇಳಿಸುತ್ತಾ ಗಂಡನಿಗೆ ಹೇಳಿದರು: "ಕೊಕ್ಕರೆ ಸಿಕ್ಕಿದ್ಲು. ಕಣ್ಣಿನ ಆಸ್ಪತ್ರೇಲಿ ಕೆಲಸ ಸಿಕ್ಕಿದ್ಯಂತೆ. ಸ್ವಲ್ಪ ದಪ್ಪ ಆಗಿದ್ದಾಳೆ."

"ಹೌದಾ? ಏನಂದ್ಲು?"

"ಏನಿಲ್ಲ. ಅರ್ಜೆಂಟಲ್ಲಿದ್ಲು."

ಚಿನಕುರಳಿಯ ಮಾತೇನಾದರೂ ಬರುತ್ತದೇನೋ ಎಂದು ಅವನು ಕಾದ. ಆಮೇಲೆ ಎದ್ದು ಊಟಕ್ಕೆ ಎರಡು ತಟ್ಟೆ ಹಾಕಿದ.