ಬ್ರಹ್ಮದಂಡೆಯ ಬೇರು, ನನ್ನ ಬಾಯಿ

ಇವತ್ತು ಬೆಳಿಗ್ಗೆ ಹಿತ್ತಿಲಲ್ಲಿ ಮೀನಖಂಡಕ್ಕೆ ಮುಳ್ಳು ಚುಚ್ಚಿತು. ಬಗ್ಗಿ ನೋಡಿದರೆ ಬ್ರಹ್ಮದಂಡೆ. ಹೊಲದ ಬದುವಿನಲ್ಲಿ ನೀವೂ ನೋಡಿರುತ್ತೀರಿ: ಎದೆಯೆತ್ತರದ ಗಿಡ, ಮೈಯೆಲ್ಲ ಮುಳ್ಳು, ತುದಿಯಲ್ಲಿ ಉಂಡೆಯಂಥ ಹೂವು. ಆ ಉಂಡೆ ನೆತ್ತಿಯಿಂದ ಅರಳುತ್ತಾ ಕೆಳಗಿಳಿಯುತ್ತದೆ. ಯಾಕೆ ಹಾಗೆ ಎಂದು ನಾನು ಕೇಳದವರಿಲ್ಲ. ಶಾನುಭೋಗರು ಕೆಮ್ಮಿದರು, ಮೇಷ್ಟ್ರು ಗದರಿದರು. ಆ ಕೆಮ್ಮು, ಆ ಗದರಿಕೆ ಎರಡನ್ನೂ ಕಲಿತುಕೊಂಡೆ; ಉತ್ತರ ಮಾತ್ರ ಇನ್ನೂ ಸಿಕ್ಕಿಲ್ಲ. ಕಂಡವರ ಧ್ವನಿ ಕದಿಯುವುದು ನನ್ನ ಚಾಳಿ. ನನ್ನದೋ ಕೋಳಿಮರಿಯ ಗಂಟಲು, ಯಾರೂ ಕದಿಯುವುದಿಲ್ಲ.

ಯುದ್ಧದಿಂದಾಗಿ ಸೀಮೆಎಣ್ಣೆಗೂ ಪರದಾಡುತ್ತಿದ್ದ ವರ್ಷ ಅಕ್ಕ ಚೊಚ್ಚಲ ಹೆರಿಗೆಗೆಂದು ಆವತಿಯ ನಮ್ಮ ಮನೆಗೆ ಬಂದಿದ್ದಳು. ನೋವು ಶುರುವಾಗಿ ಎರಡು ದಿನವಾದರೂ ಮಗು ಬರಲಿಲ್ಲ. ಸೂಲಗಿತ್ತಿ ಮುನಿಯಮ್ಮ ಹೊರಗೆ ಬಂದಳು.

“ಬ್ರಹ್ಮದಂಡೆ ಬೇರು ಕಿತ್ಕೊಂಡ್ ಬಾ, ತಲೆಗೂದಲಿಗೆ ಕಟ್ಟಬೇಕು. ಕಿತ್ತ ಮೇಲೆ ನಾನು ಕಟ್ಟೋಗಂಟ ಬಾಯಿ ಬಿಟ್ಟೀಯ, ಜೋಕೆ! ಬೇರು ಕೆಟ್ಟೋಗ್ತದೆ.”

ಒಡಹುಟ್ಟಿದವನೇ ತರಬೇಕೆಂಬುದು ನೇಮ. ಇಲ್ಲದಿದ್ದರೆ ಊರಿನ ಅಷ್ಟು ಮಿತಭಾಷಿಗಳನ್ನು ಬಿಟ್ಟು ನನ್ನನ್ನು ಯಾರು ಕಳಿಸುತ್ತಿದ್ದರು?

ಬೆಟ್ಟದ ತಪ್ಪಲಲ್ಲಿ ಗಿಡವನ್ನು ಬುಡಸಮೇತ ಅಗೆದು ತುಟಿ ಬಿಗಿದೆ. ದಾರಿಯಲ್ಲಿ ಅರಳಿಕಟ್ಟೆಯ ಮೇಲೆ ಚನ್ನಪ್ಪ ತಾತ ಕೂತಿದ್ದ. ಅವನ ಗೊಗ್ಗರು ದನಿಯನ್ನು ದಿನವೂ ಅಣಕಿಸುತ್ತಿದ್ದವನು ನಾನೇ.

“ಏನ್ಲಾ, ನಾಲಿಗೆ ಬೆಟ್ಟದ ಮ್ಯಾಗೆ ಮರ್ತ್ ಬಂದ್ಬಿಟ್ಯಾ? ಎಲ್ಲಿ, ನನ್ನಂಗೆ ಒಸಿ ಮಾತಾಡ್ಲಾ!”

ಕಟ್ಟೆಯೆಲ್ಲ ನಕ್ಕಿತು. ನುಂಗಿಕೊಂಡು ನಡೆದೆ.

ಬಾಗಿಲಾಚೆ ನಿಂತು ಗಿಡ ಚಾಚಿದೆ. ಒಳಗಿಂದ ಅಕ್ಕನ ಕ್ಷೀಣ ದನಿ:

“ತಮ್ಮ ಬಂದ್ನಾ? ಲೋ, ಮಾತಾಡೋ... ಇವನೇ ಮಾತು ನಿಲ್ಸಿದ್ದಾನೆ ಅಂದ್ರೆ... ನಾನು ಉಳಿಯಲ್ವಾ, ಮುನಿಯಮ್ಮಾ?”

“ಅವನು ಮಾತಾಡಂಗಿಲ್ಲ ಕಣವ್ವ” ಎಂದು ಮುನಿಯಮ್ಮ ಹೇಳಿದ್ದು ಅಕ್ಕನ ಕಿವಿಗೆ ಹೋಗಲಿಲ್ಲ. ಅಳುತ್ತಿದ್ದಳು. ಬೇರನ್ನು ಕಾಯಲೋ, ಅಕ್ಕನನ್ನೋ? ನನ್ನ ಧ್ವನಿ ಹೊರಡಲಿಲ್ಲ; ಚನ್ನಪ್ಪ ತಾತನದು ಹೊರಟಿತು.

“ಸಾಯಕ್ಕೆ ನನ್ ಸರದಿ ಮೊದ್ಲು ಐತೆ ಕಣವ್ವಾ, ನೀನು ಮುಂದಕ್ಕೆ ನುಗ್ಬ್ಯಾಡ!”

ಅಕ್ಕ ಆ ನೋವಿನಲ್ಲೂ ನಕ್ಕುಬಿಟ್ಟಳು. “ಕೆಡಿಸ್ಬಿಟ್ಯಲ್ಲೋ, ಮುಂಡೇದೇ!” ಎಂದು ಮುನಿಯಮ್ಮ ಗಿಡವನ್ನು ಹಿತ್ತಿಲಿಗೆ ಎಸೆದಳು. ದೀಪ ಹಚ್ಚುವ ಹೊತ್ತಿಗೆ ಮಗುವಿನ ಅಳು ಕೇಳಿತು.

ಎಸೆದ ಬೇರು ಚಿಗುರಿತೋ, ಬೀಜ ಉದುರಿತೋ, ಗಿಡ ಅಲ್ಲೇ ನೆಲೆಯೂರಿತು. ಬೇಸಿಗೆಯಲ್ಲಿ ಒಣಗುತ್ತದೆ, ಮತ್ತೆ ಏಳುತ್ತದೆ. ಅಕ್ಕನನ್ನು ಉಳಿಸಿದ್ದು ನಗುವೋ, ಮುನಿಯಮ್ಮನ ಕೈಯೋ, ಅಥವಾ ಆ ಗಳಿಗೆಯೇ ಬಂದಿತ್ತೋ, ಅದೂ ನನಗೆ ತಿಳಿಯದು.

ಇವತ್ತು ಆ ಗಿಡದ ಮುಳ್ಳು ಕೀಳುತ್ತಿದ್ದಾಗಲೇ ಮುನಿಯಮ್ಮ ಬಂದಳು. ಹಿಂದಿನ ಬೀದಿಯ ಹೆಂಗಸಿಗೆ ನೋವು ಶುರುವಾಗಿದೆಯಂತೆ. ಜೊತೆಗೆ ಬಂದ ಆ ಹೆಂಗಸಿನ ಅಣ್ಣ ಬೇರು ಅಗೆದು, ಬಾಯಿ ಬಿಗಿದು ನಿಂತ. ಅಲ್ಲಿಯವರೆಗೆ ಮುನಿಯಮ್ಮ ನನ್ನ ಕಡೆ ನೋಡಿರಲಿಲ್ಲ. ಹೊರಡುವಾಗ ತಿರುಗಿದಳು.

“ನೀನೂ ಬಾರಪ್ಪ. ಬೇರು ಅವನು ಹಿಡ್ಕೊಳ್ಲಿ. ನೀನು ಬಾಗ್ಲಾಗೆ ಕೂತ್ಕೊಂಡು ಮಾತಾಡ್ತಿರು.”