ಇಪ್ಪತ್ತೇಳನೇ ನಂಬರಿನ ಹಾಜರಿ

ಪುಟ್ಟಿ, ಚಿನ್ನು, ಮೊನ್ನೆ ನೀವಿಬ್ಬರೂ ಸ್ಕೂಲಿನಿಂದ ಬಂದಾಗ ಪುಟ್ಟಿಯ ಮುಖ ಸಪ್ಪಗಿತ್ತು. ನಾಟಕಕ್ಕೆ ಸೇರಿಸಿಕೊಂಡಿದ್ದಾರೆ, ಹೆಸರು ತೆಗೆಸು ಎಂದು ಅಮ್ಮನ ಹತ್ತಿರ ಅತ್ತಳು. ನಿಮ್ಮ ಅಜ್ಜಿ ನಾನು ಪಕ್ಕದಲ್ಲೇ ಅವರೆಕಾಯಿ ಸುಲಿಯುತ್ತ ಕೂತಿದ್ದೆ. ಹೇಳಬೇಕೆಂದುಕೊಂಡದ್ದು ಬಾಯಿಗೆ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಮ್ಮೂರಿನ ಶಾಲೆ ಏಳನೇ ಕ್ಲಾಸಿಗೆ ಮುಗಿಯುತ್ತಿತ್ತು. ಹಟ ಮಾಡಿ ಅತ್ತಿದ್ದಕ್ಕೆ ನನ್ನನ್ನು ತಿಲಕ್ ನಗರದ ಚಿಕ್ಕಪ್ಪನ ಮನೆಗೆ ತಂದು ಬಿಟ್ಟರು. ವಠಾರದ ಎರಡು ಕೋಣೆಯ ಮನೆ. ಮೊದಲ ದಿನವೇ ಚಿಕ್ಕಪ್ಪ ಹೇಳಿಬಿಟ್ಟರು:

"ನೋಡವ್ವ, ಓದ್ತೀನಿ ಅಂದಿದ್ದೀಯ, ಓದು. ಸ್ಕೂಲಿಂದ ಒಂದು ದೂರು ಬಂದ್ರೂ ಅವತ್ತೇ ಊರಿನ ಬಸ್ಸು ಹತ್ತಿಸ್ತೀನಿ. ಅಲ್ಲಿ ನಿಮ್ಮಪ್ಪ ಗಂಡು ನೋಡಿಟ್ಟವ್ನೆ."

ಜಯನಗರದ ಹೆಣ್ಣುಮಕ್ಕಳ ಹೈಸ್ಕೂಲಿಗೆ ನಡೆದು ಹೋಗುತ್ತಿದ್ದೆ. ಅಲ್ಲಿ ಹೆಸರು ಕೂಗುತ್ತಿರಲಿಲ್ಲ, ನಂಬರ್ ಕೂಗುತ್ತಿದ್ದರು. ನನ್ನದು ಇಪ್ಪತ್ತೇಳು. ಮೊದಲ ದಿನ ಕ್ಲಾಸ್ ಟೀಚರ್ ನಂಬರ್ ಕರೆದಾಗ ಎದ್ದು ನಿಂತು, ಕೈ ಮುಗಿದು, "ಹಾಜರ್ ಸಾರ್" ಎಂದೆ. ಊರಿನಲ್ಲಿ ನಮಗೆ ಪಾಠ ಮಾಡಿದವರೆಲ್ಲ ಗಂಡಸರು. ಹಾಗೆ ಹೇಳುವುದು ಬಿಟ್ಟು ನನಗೆ ಬೇರೇನೂ ಗೊತ್ತಿರಲಿಲ್ಲ. ಸೀರೆ ಉಟ್ಟ ಹೆಂಗಸನ್ನು ಸಾರ್ ಅಂದಳಲ್ಲ ಎಂದು ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು. ಒಂದು ವಾರ ದಾರಿಯಲ್ಲೂ ಕೈ ಮುಗಿದು ಅಣಕಿಸಿದರು.

ಆಮೇಲೆ ನನಗೆ ಬಾಯಿ ಬಿಡಲು ಆಗಲೇ ಇಲ್ಲ. "ಪ್ರೆಸೆಂಟ್ ಮಿಸ್" ಅನ್ನಬೇಕೆಂದು ಗೊತ್ತಾಗಿತ್ತು. ನೀರು ಹಿಡಿಯುವಾಗ, ಸೌದೆ ಒಲೆ ಊದುವಾಗ ಹೇಳಿಕೊಂಡು ಹೇಳಿಕೊಂಡು ಅಭ್ಯಾಸ ಮಾಡುತ್ತಿದ್ದೆ. ಇಪ್ಪತ್ತಾರು ಎಂದು ಕೂಗಿದ ಕೂಡಲೇ ಗಂಟಲು ಬಿಗಿದು ಹೋಗುತ್ತಿತ್ತು. ಟೀಚರ್ ತಲೆ ಎತ್ತಿ ನೋಡುವವರಲ್ಲ. ಉತ್ತರ ಬರದಿದ್ದರೆ ಆಬ್ಸೆಂಟ್ ಎಂದು ಗುರುತು ಹಾಕಿ ಮುಂದಕ್ಕೆ ಹೋಗುತ್ತಿದ್ದರು. ಪಕ್ಕದ ಹುಡುಗಿ ಪಾಪ, ನನ್ನ ಪರವಾಗಿ ಎರಡು ದಿನ ಹೇಳಿದಳು. ಮೂರನೇ ದಿನ ಒಂದೇ ದನಿ ಎರಡು ಸಲ ಕೇಳಿಸಿ ಸಿಕ್ಕಿಬಿದ್ದು ಬೆಂಚಿನ ಮೇಲೆ ನಿಂತಳು. ಆ ದಾರಿಯೂ ಮುಚ್ಚಿತು.

ಹೀಗೆ ದಿನವೂ ಕೊನೆಯ ಬೆಂಚಿನಲ್ಲಿ ಕೂತೇ ಗೈರುಹಾಜರಾದೆ. ಚಿಕ್ಕಪ್ಪನಿಗೆ ಹೇಳುವಂತಿಲ್ಲ, ಟೀಚರಿಗೆ ಹೇಳಲು ಬಾಯಿಲ್ಲ. ಒಂದು ಗುರುವಾರ ಟೀಚರ್ ರಿಜಿಸ್ಟರ್ ಮಡಿಸುತ್ತ, "ಈ ಇಪ್ಪತ್ತೇಳು ಒಂದು ತಿಂಗಳಿಂದ ಪತ್ತೆ ಇಲ್ಲ. ಶನಿವಾರ ಮನೆಗೆ ಕಾಗದ ಹಾಕ್ತೀನಿ" ಎಂದರು. ಹುಡುಗಿಯರು ತಿರುಗಿ ನನ್ನನ್ನು ನೋಡಿ ಕಿಸಕಿಸ ನಕ್ಕರು. ಒಬ್ಬಳೂ ಹೇಳಲಿಲ್ಲ.

ಶುಕ್ರವಾರ ಕೊನೆಯ ಪೀರಿಯಡ್ಡಿನಲ್ಲಿ ಕನ್ನಡ ಮಿಸ್ ನಾಟಕ ಮಾಡಿಸುತ್ತಿದ್ದರು. ಸ್ಕೂಲ್ ಡೇಗೆ ಇನ್ನೂ ಬಹಳ ದಿನವಿತ್ತು. ಅವರು ಮಾತು ಬರೆದುಕೊಟ್ಟು ಬಾಯಿಪಾಠ ಮಾಡಿಸುವವರಲ್ಲ. "ನಿಮಗೆ ಗೊತ್ತಿರೋರಲ್ಲಿ ಎಲ್ಲರಿಗಿಂತ ಜೋರು ಬಾಯಿ ಯಾರದು? ಅವರಾಗಿ ಬನ್ನಿ" ಎನ್ನುತ್ತಿದ್ದರು. ಒಬ್ಬಳು ನಲ್ಲಿಯ ಹತ್ತಿರ ಜಗಳವಾಡುವ ಅತ್ತೆಯಾದಳು. ಇನ್ನೊಬ್ಬಳು "ಒಳಗೆ ಹೋಗ್ರೀ, ಒಳಗೆ ಜಾಗ ಐತೆ" ಎಂದು ಬಸ್ ಕಂಡಕ್ಟರ್ ಆದಳು. ಆವತ್ತು ಮಿಸ್ ನನ್ನ ಕಡೆ ತಿರುಗಿದರು.

"ನಿಮ್ಮೂರಲ್ಲಿ ಯಾರು ಜೋರು?"

ಮೇಷ್ಟ್ರು ಎಂದು ಪಿಸುಗುಟ್ಟಿದೆ. ಮಿಸ್ ಒಂದು ಹಳೆಯ ರಿಜಿಸ್ಟರ್, ಒಂದು ಅಡಿಪಟ್ಟಿ ನನ್ನ ಕೈಗೆ ಕೊಟ್ಟು ಹೋಗಿ ಮಕ್ಕಳ ಜೊತೆ ನೆಲದ ಮೇಲೆ ಕೂತರು. "ಮೇಷ್ಟ್ರೇ, ಹಾಜರಿ ತಗೊಳ್ಳಿ."

ಬಾಗಿಲು ಎಷ್ಟು ದೂರವಿದೆ ಎಂದು ನೋಡಿದೆ. ಆಮೇಲೆ, ಏನಾಯಿತೋ, ಅಡಿಪಟ್ಟಿಯಿಂದ ಮೇಜಿಗೆ ಫಟ್ ಎಂದು ಹೊಡೆದೆ. ಆ ಸದ್ದಿನ ಹಿಂದೆಯೇ ಮೇಷ್ಟ್ರ ಗಂಟಲು ಬಂತು. "ಒಂದು! ಎರಡು! ಏನಮ್ಮಿ, ರಾಗಿ ಮುದ್ದೆ ಉಣ್ಣಲಿಲ್ವಾ, ಜೋರಾಗಿ ಹೇಳು! ಮೂರು!" ಹುಡುಗಿಯರು ನಗುತ್ತಲೇ ಉತ್ತರ ಕೊಟ್ಟರು. ಅದು ನನ್ನನ್ನು ಅಣಕಿಸಿದ ನಗುವಿನಂತಿರಲಿಲ್ಲ.

ಇಪ್ಪತ್ತೇಳು ಎಂದು ಕೂಗಿದ ಮೇಲೆ ಹೊಳೆಯಿತು, ಅದು ನಾನೇ. ಮುಂದೆ ಕೂತವಳೊಬ್ಬಳು, "ಆಬ್ಸೆಂಟ್ ಸಾರ್! ತಿಂಗಳಿಂದ ಪತ್ತೆ ಇಲ್ಲ ಸಾರ್!" ಎಂದಳು.

ಮೇಷ್ಟ್ರು ಬಿಡುತ್ತಾರೆಯೇ? "ಅಲ್ಲೇ ಕುಂತವ್ಳಲ್ಲ, ಕಣ್ಣು ಕಾಣಾಕಿಲ್ವಾ? ಮೈ ಬಂದೈತೆ, ಬಾಯಿ ಬಂದಿಲ್ಲ, ಅಷ್ಟೆಯಾ!"

ಯಾರೂ ನಗಲಿಲ್ಲ. ಮಿಸ್ ಶಭಾಷ್ ಅನ್ನಲಿಲ್ಲ. ಗಂಟೆ ಹೊಡೆದ ಮೇಲೆ ರಿಜಿಸ್ಟರ್ ವಾಪಸು ತೆಗೆದುಕೊಳ್ಳುತ್ತ, "ನಾಳೆ ಬೆಳಿಗ್ಗೆ ಈ ಮೇಷ್ಟ್ರನ್ನೂ ಕರ್ಕೊಂಡು ಬಾ" ಎಂದರು, ಅಷ್ಟೆ.

ಶನಿವಾರ ಬೆಳಿಗ್ಗೆ ಕ್ಲಾಸ್ ಟೀಚರ್ ಮೇಜಿನ ಮೇಲೆ ಕಾಗದ ಬರೆದಿಟ್ಟುಕೊಂಡೇ ಬಂದಿದ್ದರು. ಇಪ್ಪತ್ತೇಳು ಎಂದರು. ಮೇಷ್ಟ್ರು ಬರಲಿಲ್ಲ. ಇಪ್ಪತ್ತೆಂಟು, ಇಪ್ಪತ್ತೊಂಬತ್ತು ದಾಟಿ ಹೋದವು. ಆ ಕಾಗದ, ಚಿಕ್ಕಪ್ಪ, ಬಸ್ಸು ಎಲ್ಲ ಕಣ್ಣ ಮುಂದೆ ಬಂತು. ಡೆಸ್ಕಿನ ಅಂಚು ಹಿಡಿದು ಎದ್ದು ನಿಂತೆ.

"ಇಪ್ಪತ್ತೇಳು ಕುಂತವ್ಳೆ ಮಿಸ್. ದಿನಾ ಬಂದವ್ಳೆ." ಬೇರೆ ಯಾರ ವಿಷಯವೋ ಹೇಳುವಂತೆ ಹೇಳಿದೆ.

ಟೀಚರ್ ಮೊದಲ ಸಲ ತಲೆ ಎತ್ತಿದರು. "ಹೌದು ಮಿಸ್, ದಿನಾ ಬರ್ತಾಳೆ" ಎಂದು ಪಕ್ಕದವಳು ಎದ್ದಳು. ಹಿಂದಿನ ದಿನ ಆಬ್ಸೆಂಟ್ ಎಂದು ಕೂಗಿದ್ದವಳೂ ಎದ್ದಳು. ಟೀಚರಿಗೆ ಸಿಟ್ಟೇ ಬಂತು. "ಬಾಯಿ ಇದೆಯಲ್ಲ? ತಿಂಗಳೆಲ್ಲ ಏನ್ಮಾಡ್ತಿದ್ದೆ?" ಎಂದು ಬೈದು, ಕಾಗದವನ್ನು ಹರಿದರು. ಆದರೆ ರಿಜಿಸ್ಟರಿನಲ್ಲಿ ಹಾಕಿದ್ದನ್ನು ತಿದ್ದಲಿಲ್ಲ. ಹಾಜರಿ ಕಡಿಮೆಯಾಗಬಾರದೆಂದು ಆ ವರ್ಷವೆಲ್ಲ ಜ್ವರ ಬಂದರೂ ಸ್ಕೂಲಿಗೆ ಹೋದೆ. ಎಸ್ಸೆಸ್ಸೆಲ್ಸಿಯವರೆಗೂ ಓದಿದೆ.

ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಚಿಕ್ಕಪ್ಪನ ಎದುರು ಕೊನೆಯವರೆಗೂ ತಲೆ ಎತ್ತಲಿಲ್ಲ. ನಿಮ್ಮ ತಾತ ಸಾಧು ಮನುಷ್ಯ. ಅವರ ಹತ್ತಿರ ಕೂಡ ಬೇಕು ಅನ್ನುವುದನ್ನು ಬೇಕು ಎಂದು ಹೇಳಲು ನನಗೆ ವರ್ಷಗಳು ಬೇಕಾದವು. ಅವರು ಹೋದ ಮೇಲೆ ಬ್ಯಾಂಕಿನಲ್ಲಿ ಸಹಿ ಹಾಕಲು ಹೆಸರು ಕೂಗಿದಾಗ ಮತ್ತೆ ಅದೇ ಗಂಟಲು. ಆದರೂ ಒಂದು ಸಲ ಬಾಯಿ ಬಂದಿತ್ತು. ಅದರಿಂದ ಮೂರು ವರ್ಷ ಓದು ಸಿಕ್ಕಿತು. ಆ ಓದಿನಿಂದಲೇ ಇದನ್ನು ಬರೆಯಲಾಗುತ್ತಿದೆ.

ಪುಟ್ಟಿ, ನಾಟಕಕ್ಕೆ ಹೋಗು ಅಂತ ನಾನು ಬಲವಂತ ಮಾಡುವುದಿಲ್ಲ. ಇದನ್ನು ಓದಿ, ಆಮೇಲೆ ನೀನೇ ತೀರ್ಮಾನ ಮಾಡು. ಓದಿದ ಮೇಲೆ ಈ ಹಾಳೆಗಳನ್ನು ರದ್ದಿ ಪೇಪರ್ ಜೊತೆ ಸೇರಿಸಬೇಡಿ ಮಕ್ಕಳೇ. ಇನ್ನೊಂದು ಸಲ ಬರೆಯುವ ಧೈರ್ಯ ನನಗಿಲ್ಲ. ಬೀರುವಿನಲ್ಲಿ ನಿಮ್ಮ ಅಮ್ಮನ ಸೀರೆಗಳ ಕೆಳಗೆ ಇಡಿ.